ಸುಭಿಕ್ಷದಲ್ಲಿ ದುರ್ಭಿಕ್ಷದ ಡಂಗುರ

ಮೂತ್ರಪಿಂಡದ ಅರ್ಬುದರೋಗವು, ಅಂದರೆ ಜನರು ಕ್ಯಾನ್ಸರೆಂದು ಕರೆಯುವ ವ್ಯಾಧಿಯು, ಮುಪ್ಪಿನ ಹೊಸ್ತಿಲಲ್ಲಿ ಅಕಸ್ಮಾತ್ತಾಗಿ ಬಂದೆರಗುವುದೆಂಬ ನಂಬಿಕೆಯು ನಮ್ಮಲ್ಲಿ ರೂಢವಾಗಿದೆ. ವಿಜ್ಞಾನವು ಇದನ್ನು ಅಲ್ಲಗಳೆಯುತ್ತದೆ. ಈ ರೋಗದ ಅತಿ ಸಾಮಾನ್ಯವಾದ ಬಗೆಯಲ್ಲಿ ಮೊದಲನೆಯ ಹಾನಿಯು ಬಹುಜನರಿಗೆ ಬಾಲ್ಯದಲ್ಲಿಯೋ ಹದಿಹರೆಯದಲ್ಲಿಯೋ ಸಂಭವಿಸಿ, 30ರಿಂದ 50 ವರುಷಗಳವರೆಗೆ ಸದ್ದಿಲ್ಲದೆ ಇರುತ್ತದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ.

ಇದರ ಮರ್ಮವನ್ನು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಮ್ಮ ವಾಚಕರಿಗೆ ಊರಿನ ಮಾತಿನಲ್ಲಿಯೇ ಹೇಳಬಹುದು. ದೇಹದಲ್ಲಿ ಪ್ರಾಣವಾಯುವಿಗೆ ಕೊರತೆಯಾದರೆ ಎಚ್.ಐ.ಎಫ್. ಎಂಬ ಪ್ರೋಟೀನು ಬರಗಾಲದ ಡಂಗುರ ಸಾರುತ್ತದೆ. ಹೊಸ ರಕ್ತನಾಳಗಳು ಬೆಳೆಯುತ್ತವೆ, ಕೆಂಪು ರಕ್ತಕಣಗಳು ಹೆಚ್ಚುತ್ತವೆ. ವಾಯುವು ಸಮೃದ್ಧವಾಗಿದ್ದಾಗಲಾದರೋ, ವಿ.ಎಚ್.ಎಲ್. ಎಂಬ ವಂಶವಾಹಿಯಿಂದ ಹುಟ್ಟಿದ ಇನ್ನೊಂದು ಪ್ರೋಟೀನು ಆ ಡಂಗುರದವನನ್ನು ಹಿಡಿದು ನಾಶಕ್ಕೊಪ್ಪಿಸುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಮೂರನೆಯ ವರ್ಣತಂತುವಿನ ಕಿರುಭುಜದಲ್ಲಿರುವ ವಿ.ಎಚ್.ಎಲ್. ವಂಶವಾಹಿಯು 1993ರಲ್ಲಿ ಗುರುತಿಸಲ್ಪಟ್ಟಿತು. ತಾಯಿಯಿಂದೊಂದು, ತಂದೆಯಿಂದೊಂದು, ಹೀಗೆ ಅದರ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಎಳವೆಯಲ್ಲಿ ಒಂದು ಭುಜವೇ ಕಳಚಿಹೋದರೂ ಉಳಿದ ಪ್ರತಿಯು ಕಾವಲನ್ನು ನಡೆಸುತ್ತದೆ. ಅದೂ ಕೆಟ್ಟಿತೆಂದರೆ ಸುಭಿಕ್ಷದಲ್ಲಿಯೇ ಹಗಲಿರುಳು ದುರ್ಭಿಕ್ಷದ ಡಂಗುರ. ಬೇಡದ ಕಾಲುವೆಗಳನ್ನು ತೋಡಿದಂತಾಗಿ, ಆ ನೀರನ್ನು ಉಂಡು ಬೆಳೆಯುವುದು ಪೈರಲ್ಲ, ಕಳೆ. ಇಷ್ಟಾದರೂ ರೋಗವು ಬಲಿಯಲು ಬಹುಧಾ ಬೇರೆ ವಂಶವಾಹಿಗಳೂ ಕೆಡಬೇಕಾಗುತ್ತದೆ. ಆದುದರಿಂದಲೇ ಈ ದೀರ್ಘ ಅವಕಾಶ.

ಈ ಅವಕಾಶವನ್ನು ನಾವು ಹೇಗೆ ಬಳಸುತ್ತಿದ್ದೇವೆ? ನೋವಿಲ್ಲದೆ ಮೂತ್ರದಲ್ಲಿ ರಕ್ತವು ಕಂಡರೆ, ಶರೀರಕ್ಕೆ ಉಷ್ಣವಾಗಿದೆಯೆಂದು ಎಳನೀರು ಕುಡಿದು ಸುಮ್ಮನಾಗುವವರು ನಮ್ಮಲ್ಲಿ ಅನೇಕರು. ಎರಡು ದಿನದಲ್ಲಿ ರಕ್ತವು ತಾನಾಗಿಯೇ ನಿಂತೀತು. ನಿಂತಿತೆಂದರೆ ರೋಗವು ಹೋಯಿತೆಂದರ್ಥವಲ್ಲ. ಧೂಮಪಾನ, ಅತಿಸ್ಥೂಲತೆ, ರಕ್ತದ ಒತ್ತಡ ಇವು ಈ ವ್ಯಾಧಿಗೆ ಸಹಾಯಕಗಳೆಂಬುದನ್ನೂ ಮರೆಯಲಾಗದು. ಕೆಟ್ಟ ಪ್ರತಿಯೊಂದನ್ನು ಹುಟ್ಟಿನಿಂದಲೇ ಪಡೆದು ಬರುವ ಕುಟುಂಬಗಳೂ ವಿರಳವಾಗಿ ಇವೆ. ಅಂಥವರನ್ನು ಚಿಕ್ಕಂದಿನಿಂದಲೇ ಪರೀಕ್ಷಿಸುತ್ತಿರಬೇಕು. ಎಚ್.ಐ.ಎಫ್.ನ ಒಂದು ಬಗೆಯನ್ನು ತಡೆಯುವ ಬೆಲ್ಜುಟಿಫಾನ್ ಎಂಬ ಔಷಧಕ್ಕೆ ಅಂಥ ರೋಗಿಗಳ ಸಲುವಾಗಿ 2021ರಲ್ಲಿ ಅಮೇರಿಕೆಯಲ್ಲಿ ಅನುಮತಿಯು ದೊರೆತಿದೆ.

ಆದರೆ ನಮ್ಮ ಒಕ್ಕಲಿಗನಿಗೆ ಮೊದಲು ಬೇಕಾದುದು ಅಮೇರಿಕೆಯ ಗುಳಿಗೆಯಲ್ಲ. ತನ್ನ ತಾಲೂಕಿನ ದವಾಖಾನೆಯಲ್ಲಿ ಸೋನೋಗ್ರಾಫಿ ಯಂತ್ರ, ಅದರ ಮುಂದೆ ಕುಳಿತು ನೋಡಬಲ್ಲ ವೈದ್ಯ. ಗಡ್ಡೆಯು ಮೂತ್ರಪಿಂಡದೊಳಗೆ ಚಿಕ್ಕದಾಗಿರುವಾಗಲೇ ಕಂಡುಬಂದರೆ ಶಸ್ತ್ರಕ್ರಿಯೆಯಿಂದ ಗುಣವಾಗುವ ಆಸೆಯು ಬಹಳ. ಹುಬ್ಬಳ್ಳಿಯ ದಾರಿಯನ್ನು ರೋಗಿಯು ಕೊನೆಯ ಘಳಿಗೆಯಲ್ಲಿ ಹಿಡಿಯದೆ ಮೊದಲೇ ಹಿಡಿಯುವಂತಾಗಬೇಕು. ಯಂತ್ರದ ಜೊತೆಗೆ ವೈದ್ಯನನ್ನೂ ಕೊಡುವುದು ಸರಕಾರದ ಹೊಣೆ. ನಾಚಿಕೆಯನ್ನು ಬಿಟ್ಟು ಹೋಗಿ ತೋರಿಸಿಕೊಳ್ಳುವುದು ಜನರ ಹೊಣೆ. ಎರಡರಲ್ಲಿ ಒಂದು ತಪ್ಪಿದರೂ ಪ್ರಕೃತಿಯು ಕೊಟ್ಟ ಮೂವತ್ತು ವರುಷಗಳ ವಾಯಿದೆಯು ವ್ಯರ್ಥವೇ ಸರಿ.