ಗುರುಬಲ ಕೇಳ್ತೀರಿ, ಗುರುವನ್ನು ನೋಡಿದ್ದೀರಾ?

ಸಂಜೆ ಏಳು ಗಂಟೆ. ಒಣಗಿದ ಬಟ್ಟೆ ತರೋಕೆ ಅಂತ ಟೆರೇಸಿಗೆ ಹೋಗಿದ್ದೀರಿ. ಹಿಂದೆಯೇ ಓಡಿ ಬಂದ ಮಗಳು ಪಶ್ಚಿಮದ ಕಡೆ ಕೈ ತೋರಿಸಿ, 'ಅಮ್ಮಾ, ಅದೇನು ಅಷ್ಟೊಂದು ಹೊಳೀತಿದೆ?' ಅಂತಾಳೆ. ನಿಮ್ಮ ಗಮನವೆಲ್ಲ ಕೆಳಗೆ ಒಲೆ ಮೇಲಿಟ್ಟು ಬಂದ ಕುಕ್ಕರಿನ ಮೇಲೆ. 'ಯಾವುದೋ ನಕ್ಷತ್ರ ಕಣೇ, ನಡಿ ಹೋಂವರ್ಕ್ ಮಾಡು' ಅಂದುಬಿಡ್ತೀರಿ. ಇಲ್ಲವೇ 'ಅಪ್ಪ ಬಂದ ಮೇಲೆ ಕೇಳು' ಅಂತೀರಿ. ಅಪ್ಪನಿಗೂ ಗೊತ್ತಿರುವುದಿಲ್ಲ, ಆ ಮಾತು ಬೇರೆ!

ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಹಾಗೆ ಬಿಳಿಯಾಗಿ ಹೊಳೆಯುವುದು ಸಾಮಾನ್ಯವಾಗಿ ನಕ್ಷತ್ರ ಅಲ್ಲ, ಶುಕ್ರ ಗ್ರಹ. ನಾವು ಎಷ್ಟು ವಿಚಿತ್ರ ನೋಡಿ. ಮನೆಯಲ್ಲಿ ಮದುವೆ ಮಾತು ಬಂದರೆ ಮೊದಲು ಗುರುಬಲ ಕೇಳ್ತೀವಿ. ಕಷ್ಟ ಬಂದರೆ ಶನಿಕಾಟ ಅಂತೀವಿ. ದೇವಸ್ಥಾನದಲ್ಲಿ ನವಗ್ರಹಗಳಿಗೆ ಪ್ರದಕ್ಷಿಣೆ ಹಾಕ್ತೀವಿ. ಆದರೆ ಆಕಾಶದಲ್ಲಿರುವ ಗುರುವನ್ನು, ಶನಿಯನ್ನು ಒಂದು ದಿನವಾದರೂ ಕಣ್ಣಾರೆ ನೋಡಿದ್ದೀವಾ?

ನೋಡೋಕೆ ದುರ್ಬೀನು ಬೇಡ, ದುಡ್ಡೂ ಬೇಡ. ದಿನಕ್ಕೆ ಹತ್ತು ನಿಮಿಷ ಸಾಕು.

ಐದು ವಾರ, ಐದು ಗ್ರಹ

ನವಗ್ರಹಗಳಲ್ಲಿ ಸೂರ್ಯ, ಚಂದ್ರರ ಪರಿಚಯ ಎಲ್ಲರಿಗೂ ಇದೆ. ರಾಹು, ಕೇತು ಕಣ್ಣಿಗೆ ಕಾಣುವ ಆಕಾಶಕಾಯಗಳಲ್ಲ; ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು. ಉಳಿದದ್ದು ಐದು: ಮಂಗಳ, ಬುಧ, ಗುರು, ಶುಕ್ರ, ಶನಿ. ಮಂಗಳವಾರದಿಂದ ಶನಿವಾರದವರೆಗೆ ಎಣಿಸಿದರೆ ಮುಗಿಯಿತು. ಬರಿಗಣ್ಣಿಗೆ ಸುಲಭವಾಗಿ ಸಿಗುವ ಗ್ರಹಗಳೂ ಈ ಐದೇ.

ಮಿನುಗುತ್ತಾ, ಇಲ್ಲವಾ?

ಮೊದಲ ಪರೀಕ್ಷೆ ಇದು. ನಕ್ಷತ್ರ ಮಿಣಮಿಣ ಅನ್ನುತ್ತೆ, ಗ್ರಹ ದೇವರ ಮನೆಯ ದೀಪದ ಹಾಗೆ ಸ್ಥಿರವಾಗಿ ಬೆಳಗುತ್ತೆ. ನಕ್ಷತ್ರಗಳು ತುಂಬಾ ದೂರ ಇರುವುದರಿಂದ ಅವುಗಳ ಬೆಳಕು ಒಂದೇ ಚುಕ್ಕಿಯಿಂದ ಬಂದ ಹಾಗಿರುತ್ತೆ. ನಮ್ಮ ಗಾಳಿ ಅಲುಗಿದರೆ ಅದೂ ಅಲುಗುತ್ತೆ. ಗ್ರಹಗಳು ಹತ್ತಿರದವು, ಅಷ್ಟು ಬೇಗ ಕದಲುವುದಿಲ್ಲ. ಆದರೆ ನೆಲದಂಚಿಗೆ ತೀರಾ ಹತ್ತಿರವಿದ್ದಾಗ ಗ್ರಹವೂ ಮಿನುಗಬಹುದು. ಸ್ವಲ್ಪ ಮೇಲೇರುವ ತನಕ ಕಾಯಿರಿ. ಮಿಟುಕಿಸುತ್ತಾ ಓಡುತ್ತಿದ್ದರೆ ಅದು ವಿಮಾನ ಕಣ್ರೀ!

ಎರಡನೆಯ ಪರೀಕ್ಷೆ, ದಾರಿ. ಸೂರ್ಯ, ಚಂದ್ರ ಓಡಾಡುವ ಹಾದಿಯಲ್ಲೇ ಗ್ರಹಗಳೂ ಓಡಾಡುತ್ತವೆ. ಪೂರ್ವದಲ್ಲಿ ಹುಟ್ಟಿ, ಮೇಲೇರಿ, ಪಶ್ಚಿಮಕ್ಕಿಳಿಯುವ ಆ ಪಟ್ಟಿಯಲ್ಲಿ ಮಾತ್ರ ಹುಡುಕಿ. ಉತ್ತರದಲ್ಲಿ ತಗ್ಗಿನಲ್ಲಿ ಕಾಣುವುದು ಗ್ರಹವಾಗಿರಲು ಸಾಧ್ಯವೇ ಇಲ್ಲ.

ಒಬ್ಬೊಬ್ಬರದು ಒಂದೊಂದು ಗುಣ

ಶುಕ್ರ: ಸೂರ್ಯ, ಚಂದ್ರರನ್ನು ಬಿಟ್ಟರೆ ಅತಿ ಪ್ರಕಾಶಮಾನ, ವಜ್ರದ ಮೂಗುಬೊಟ್ಟಿನ ಹಾಗೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ, ಅಂದರೆ ಐದು ಮುಷ್ಟಿಗಿಂತ ದೂರ ಹೋಗುವುದೇ ಇಲ್ಲ. ಹಾಗಾಗಿ ಸಂಜೆ ಪಶ್ಚಿಮದಲ್ಲಿ, ಇಲ್ಲವೇ ಬೆಳಗಿನ ಜಾವ ಪೂರ್ವದಲ್ಲಿ ಮಾತ್ರ ಸಿಗುತ್ತಾನೆ. ನಡುರಾತ್ರಿ ನೆತ್ತಿಯ ಮೇಲೆ ಹೊಳೆಯುವುದು ಶುಕ್ರ ಅಲ್ಲ.

ಗುರು: ನಡುರಾತ್ರಿಯಲ್ಲೂ ಕೆನೆಬಣ್ಣದಲ್ಲಿ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಬಹುಪಾಲು ಗುರುವೇ. ಹನ್ನೆರಡು ರಾಶಿ ಸುತ್ತಲು ಸುಮಾರು 12 ವರ್ಷ, ಅಂದರೆ ರಾಶಿಗೆ ಒಂದು ವರ್ಷ. 'ಈ ವರ್ಷ ಗುರುಬಲ ಇಲ್ಲ, ಮುಂದಿನ ವರ್ಷ ಬರುತ್ತೆ' ಅನ್ನೋ ಲೆಕ್ಕ ಬಂದದ್ದು ಇಲ್ಲಿಂದಲೇ.

ಮಂಗಳ: ಇನ್ನೊಂದು ಹೆಸರು ಅಂಗಾರಕ. ಅಂಗಾರ ಅಂದರೆ ಕೆಂಡ. ಬಣ್ಣವೂ ಹಾಗೇ ಕೆಂಪು. ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬಂದಾಗ ಚೆನ್ನಾಗಿ ಹೊಳೆದು, ಆಮೇಲೆ ಮಂಕಾಗುತ್ತಾನೆ. ರೋಹಿಣಿ, ಜ್ಯೇಷ್ಠಾ ನಕ್ಷತ್ರಗಳಿಗೂ ಕೆಂಪು ಛಾಯೆಯಿದೆ, ಮೋಸ ಹೋಗಬೇಡಿ, ಅವು ಮಿನುಗುತ್ತವೆ. 2003ರ ಆಗಸ್ಟ್‌ನಲ್ಲಿ ಮಂಗಳ ಸುಮಾರು 60 ಸಾವಿರ ವರ್ಷಗಳಲ್ಲೇ ಅತಿ ಹತ್ತಿರಕ್ಕೆ ಬಂದಿದ್ದ. ಅದನ್ನೇ ಹಿಡಿದು 'ಮಂಗಳ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತೆ' ಅನ್ನೋ ಸಂದೇಶ ಆಮೇಲೂ ಎಷ್ಟೋ ವರ್ಷ ಹರಿದಾಡಿತು. ಶುದ್ಧ ಸುಳ್ಳು. ಬರಿಗಣ್ಣಿಗೆ ಮಂಗಳ ಯಾವಾಗಲೂ ಚುಕ್ಕಿಯೇ.

ಶನಿ: ತಿಳಿ ಹಳದಿ, ಗುರುವಿನಷ್ಟು ಹೊಳಪಿಲ್ಲ. ಶನೈಶ್ಚರ ಅಂದರೆ ಮೆಲ್ಲಗೆ ನಡೆಯುವವನು. ಒಂದು ಸುತ್ತಿಗೆ ಸುಮಾರು 29 ವರ್ಷ ಆರು ತಿಂಗಳು, ರಾಶಿಗೆ ಎರಡೂವರೆ ವರ್ಷ. ಮೂರು ರಾಶಿ ದಾಟುವ ಹೊತ್ತೇ ನಾವು ಹೆದರುವ ಏಳೂವರೆ ವರ್ಷ! ಬಳೆಗಳನ್ನು ನೋಡೋಕೆ ಮಾತ್ರ ದೂರದರ್ಶಕ ಬೇಕು.

ಬುಧ: ಇವನು ಕಣ್ಣುಮುಚ್ಚಾಲೆ ಆಡುವ ಮಗು. ಸೂರ್ಯನಿಂದ ಮೂರು ಮುಷ್ಟಿಯೊಳಗೇ ಇರುತ್ತಾನೆ. ವರ್ಷದಲ್ಲಿ ಕೆಲವೇ ವಾರ, ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟುವ ಮುನ್ನ, ಬಯಲು ಕಾಣುವ ಕಡೆಯಿಂದ ಮಾತ್ರ ಸಿಗುತ್ತಾನೆ. ಸಿಗದಿದ್ದರೆ ಬೇಜಾರು ಬೇಡ.

ಪಂಚಾಂಗವೇ ನಕ್ಷೆ

ಈಗ ಯಾವ ಗ್ರಹ ಎಲ್ಲಿದೆ ಅಂತ ತಿಳಿಯೋದು ಹೇಗೆ? ಮನೆಯಲ್ಲಿರುವ ಪಂಚಾಂಗ ತೆಗೆಯಿರಿ. ಯಾವ ಗ್ರಹ ಯಾವ ರಾಶಿಯಲ್ಲಿ ಅಂತ ಅದರಲ್ಲೇ ಇರುತ್ತೆ. ಗ್ರಹ ಸೂರ್ಯನಿರುವ ರಾಶಿಯಲ್ಲೇ ಇದ್ದರೆ ಬೆಳಕಿನಲ್ಲಿ ಮುಚ್ಚಿಹೋಗಿ ಕಾಣುವುದು ಕಷ್ಟ. ಮದುವೆಗೆ ಬೇಡ ಅನ್ನುವ ಗುರು, ಶುಕ್ರರ 'ಮೌಢ್ಯ' ಅಂದರೆ ಇದೇ. ಮಂಗಳ, ಗುರು ಅಥವಾ ಶನಿ ಸೂರ್ಯನಿಂದ ಏಳನೇ ರಾಶಿಯಲ್ಲಿದ್ದರೆ ಸಂಜೆ ಪೂರ್ವದಲ್ಲಿ ಹುಟ್ಟಿ ರಾತ್ರಿಯಿಡೀ ಕಾಣುತ್ತವೆ. ಉದಾಹರಣೆಗೆ, ಸಂಕ್ರಾಂತಿಗೆ ಸೂರ್ಯ ಮಕರಕ್ಕೆ ಬರುತ್ತಾನೆ. ಆಗ ಕರ್ಕಾಟಕದಲ್ಲಿರುವ ಗ್ರಹ ದೀಪ ಹಚ್ಚುವ ಹೊತ್ತಿಗೆ ಪೂರ್ವದಲ್ಲಿರುತ್ತೆ. ಮೊಬೈಲಿನ ಆಕಾಶನಕ್ಷೆ ಆ್ಯಪ್ ಕೂಡ ಆದೀತು.

ಹಾಗೆ ನೋಡುತ್ತಾ ಹೋದರೆ ಅಪರೂಪದ ದೃಶ್ಯಗಳೂ ತಪ್ಪುವುದಿಲ್ಲ. 2020ರ ಡಿಸೆಂಬರ್ 21ರ ಸಂಜೆ ಗುರು, ಶನಿ ಎಷ್ಟು ಹತ್ತಿರ ಬಂದಿದ್ದವು ಅಂದರೆ ನಡುವಿನ ಅಂತರ ಚಂದ್ರನ ಅಗಲದ ಐದನೇ ಒಂದು ಭಾಗ ಮಾತ್ರ!

ಹೆದರಿಕೆ ಕಳೆದ ರಾತ್ರಿ

ಒಂದು ಸ್ವಂತ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದರ ಮೇಲೊಂದು ತೊಂದರೆ. ಬಂದವರೆಲ್ಲ 'ಶನಿ ನಡೀತಿದೆ' ಅನ್ನೋರು. ನಿದ್ದೆ ಬಾರದ ಒಂದು ರಾತ್ರಿ ಟೆರೇಸಿಗೆ ಹೋಗಿ ಹುಡುಕಿ ನೋಡಿದೆ. ಕದಲದ, ತಣ್ಣನೆಯ, ಹಳದಿ ಚುಕ್ಕಿ. ತನ್ನ ಪಾಡಿಗೆ ನಡೆದು ಹೋಗ್ತಾ ಇತ್ತು. ಕಷ್ಟ ಅವತ್ತೇ ತೀರಲಿಲ್ಲ, ನಿಜ. ಆದರೆ ಹೆದರಿಕೆ ಅರ್ಧ ಇಳಿಯಿತು. ನಂಬಿಕೆ ಬಿಡಿ ಅಂತ ಹೇಳ್ತಿಲ್ಲ. ಹೆಸರು ಕೇಳಿ ಬೆಚ್ಚುವುದಕ್ಕಿಂತ ಮುಖ ನೋಡಿ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು, ಅಷ್ಟೆ.

ನೆನಪಿರಲಿ

* ಟೆರೇಸಿನ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಿ.

* ಸೂರ್ಯ ಪೂರ್ತಿ ಮುಳುಗುವ ಮುನ್ನ ಆ ಕಡೆ ಹುಡುಕಬೇಡಿ, ಕಣ್ಣಿಗೆ ಅಪಾಯ.

* ಒಂದೇ ಗ್ರಹವನ್ನು ವಾರಕ್ಕೊಮ್ಮೆ ನೋಡಿ, ಪಕ್ಕದ ನಕ್ಷತ್ರದಿಂದ ಎಷ್ಟು ಸರಿದಿದೆ ಅಂತ ನೋಟ್‌ಬುಕ್ಕಿನಲ್ಲಿ ಮಕ್ಕಳಿಂದ ಚುಕ್ಕಿ ಹಾಕಿಸಿ.

* ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯಕ್ಕೆ ಮಕ್ಕಳೊಂದಿಗೆ ಒಮ್ಮೆ ಹೋಗಿ ಬನ್ನಿ.

ನಮ್ಮ ಅಜ್ಜಿಯಂದಿರು ಶುಕ್ರನನ್ನು ಬೆಳ್ಳಿ ಅನ್ನುತ್ತಿದ್ದರು. ಬೆಳ್ಳಿ ಮೂಡಿತು ಅಂದರೆ ಎದ್ದು ಅಂಗಳ ಗುಡಿಸೋ ಹೊತ್ತು. ಶಾಲೆಗೆ ಹೋಗದ ಅವರಿಗೆ ಗೊತ್ತಿದ್ದದ್ದು ನಮಗೇಕೆ ಗೊತ್ತಿರಬಾರದು? ನಾಳೆ ಬಟ್ಟೆ ತರೋಕೆ ಹೋದಾಗ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಮಗಳು ಕೇಳಿದರೆ ನೀವೇ ಹೇಳಿ. ಕುಕ್ಕರ್ ಕೂಗಿದರೆ ಮನೆಯಲ್ಲಿರುವ ಬೇರೆ ಯಾರಾದರೂ ಆಫ್ ಮಾಡ್ತಾರೆ ಬಿಡಿ!