ಜೆರಾಕ್ಸ್ ಅಂಗಡಿ ಪ್ರಾಜೆಕ್ಟ್‌ನಿಂದ ಮಕ್ಕಳು ಕಲಿಯೋದೇನು? ಊರಿನ ವಿಕಿಪೀಡಿಯ ಪುಟ ಬರೆಸಿ ನೋಡಿ

"ಅಣ್ಣಾ, ಜಲಮಾಲಿನ್ಯದ ಪ್ರಾಜೆಕ್ಟ್ ಕೊಡಿ. ಹತ್ತು ಪೇಜ್ ಸಾಕು, ಕಲರ್ ಫೋಟೋ ಇರ್ಲಿ."

ಶಾಲೆಗಳಲ್ಲಿ ಆಂತರಿಕ ಅಂಕ ಕೊಡುವ ಸಮಯ ಬಂತೆಂದರೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಸಂಜೆ ಹೊತ್ತು ಕೇಳುವ ಮಾತಿದು. ಅಂಗಡಿಯವರು ಕಳೆದ ವರ್ಷದ ಫೈಲ್ ತೆರೆದು, ಹೆಸರು ಬದಲಿಸಿ, ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಹಾಕಿ ಕೊಡುತ್ತಾರೆ. ಹುಡುಗ ಒಳಗಿನ ಒಂದು ಸಾಲೂ ಓದಿರುವುದಿಲ್ಲ. ಇದಕ್ಕೆ ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಶಾಲೆ ಕೇಳಿದ್ದು ಹತ್ತು ಪುಟ, ಹತ್ತು ಪುಟ ಸಿಕ್ಕಿತು.

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳಿವೆ. ಬಾಯಿಪಾಠದ ಆಚೆಗೆ ಮಕ್ಕಳು ತಾವೇ ಯೋಚಿಸಿ ಏನಾದರೂ ಮಾಡಲಿ ಅಂತ ಇಟ್ಟಿರುವ ಅಂಕಗಳು ಹೀಗೆ ಬೈಂಡಿಂಗ್‌ಗೆ ಹೋಗುತ್ತಿವೆ.

ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯನ್ನು ಮೆಟ್ಟಿಲುಗಳಂತೆ ವಿಂಗಡಿಸಿದರು. 2001ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಕೆಳಗಿನಿಂದ ಮೇಲಕ್ಕೆ ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಹೊಸದಾಗಿ ಸೃಷ್ಟಿಸುವುದು ಇವೆ. ಮೇಲಿನ ಮೂರನ್ನು ಉನ್ನತ ಹಂತದ ಆಲೋಚನೆ ಅಂತಾರೆ. ದಿನಸಿ ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ, ಬೇಳೆ ರೇಟು ನೆನಪಿಡುವುದು ಮೊದಲ ಮೆಟ್ಟಿಲು. ರೇಟು ಯಾಕೆ ಏರಿತು, ಹೋಲ್‌ಸೇಲ್‌ನವರು ಹೇಳುವ ಕಾರಣ ನಂಬುವಂಥದ್ದಾ, ಈಗ ಎಷ್ಟು ಮೂಟೆ ತರಿಸಬೇಕು ಅನ್ನೋದು ಮೇಲಿನ ಮೆಟ್ಟಿಲು.

ಮಕ್ಕಳನ್ನು ಅಲ್ಲಿಗೆ ಹತ್ತಿಸಲು ಹೆಚ್ಚು ಖರ್ಚಿಲ್ಲದ ಒಂದು ದಾರಿ, ಹಲವರು ಸೇರಿ ಒಂದೇ ಪುಟ ಬರೆಯುವ ಆನ್‌ಲೈನ್ ಸಾಧನಗಳು. ಗೂಗಲ್ ಡಾಕ್ಸ್ ಹಾಗೆ ಒಂದು. ಊರಿನ ಮಕ್ಕಳಿಗೆ ಅದಕ್ಕಿಂತ ಹತ್ತಿರದ್ದು ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದ ಇದರಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಹಳ್ಳಿಗಳ ಪುಟ ತೆರೆದರೆ ಮಾತ್ರ ಎಷ್ಟೋ ಕಡೆ ಎರಡು ಮೂರು ಸಾಲಿಗೇ ಮುಗಿದಿರುತ್ತದೆ.

ಅಜ್ಜ ಹೇಳಿದ್ದು ಸುಳ್ಳಾ?

ಒಂಬತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ಊರಿನ ಪುಟ ಬೆಳೆಸುವ ಕೆಲಸ ಕೊಟ್ಟರು ಅಂತಿಟ್ಟುಕೊಳ್ಳಿ. ಒಬ್ಬ "ಇಲ್ಲಿನ ದೇವಸ್ಥಾನ ಸಾವಿರ ವರ್ಷ ಹಳೆಯದು" ಎಂದು ಬರೆಯುತ್ತಾನೆ. ಆಧಾರ ಏನು ಅಂತ ವಿಕಿಪೀಡಿಯ ಕೇಳುತ್ತದೆ. "ನಮ್ಮಜ್ಜ ಹೇಳಿದ್ದು" ಅಂದರೆ ನಡೆಯಲ್ಲ, ಪ್ರಕಟವಾದ ಆಧಾರ ಬೇಕು. ಹಾಗಾದ್ರೆ ಅಜ್ಜ ಹೇಳಿದ್ದು ಸುಳ್ಳಾ? ಅಲ್ಲ, ಬೇರೆಯವರು ಪರೀಕ್ಷಿಸಲು ಅದಕ್ಕೆ ದಾಖಲೆ ಇಲ್ಲ, ಅಷ್ಟೇ. ಈ ವ್ಯತ್ಯಾಸ ಪಾಠ ಕೇಳಿ ಹತ್ತುವುದಿಲ್ಲ, ತಾನು ಬರೆದ ಸಾಲು ಅಳಿಸಿಹೋದಾಗ ಹತ್ತುತ್ತದೆ.

ಇನ್ನೊಬ್ಬಳು ಹುಡುಕುತ್ತಾ ಬಿ.ಎಲ್. ರೈಸ್ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಕ್ಕೆ ಬರುತ್ತಾಳೆ. ಹಳೆ ಮೈಸೂರು ಭಾಗದ ಶಾಸನಗಳನ್ನು ಅದರಲ್ಲಿ ತಾಲೂಕುವಾರು ನಂಬರ್ ಹಾಕಿ ಕೊಟ್ಟಿದ್ದಾರೆ, ಹಳೆ ಸಂಪುಟಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಊರಿನ ಶಾಸನ 14ನೇ ಶತಮಾನದ್ದು ಎಂದು ಅಲ್ಲಿದ್ದರೆ ದೇವಸ್ಥಾನವೂ ಅಷ್ಟೇ ಹಳೆಯದಾ? ಶಾಸನ ಹಾಕಿಸುವ ಮೊದಲೇ ಗುಡಿ ಇದ್ದಿರಬಹುದು. ಬೇರೆ ಕಡೆಯ ಕಲ್ಲನ್ನು ತಂದು ನಿಲ್ಲಿಸಿರಲೂಬಹುದು. ನಾಲ್ವರೂ ವಾದ ಮಾಡಿ ಕೊನೆಗೆ "ಇಲ್ಲಿ 14ನೇ ಶತಮಾನದ ಶಾಸನವಿದೆ" ಎಂಬಷ್ಟಕ್ಕೆ ನಿಲ್ಲುತ್ತಾರೆ. ಒಂದೇ ಸಾಲು. ಆದರೆ ಆ ಸಾಲಿಗೆ ವಿಶ್ಲೇಷಣೆಯೂ ಆಯಿತು, ಮೌಲ್ಯಮಾಪನವೂ ಆಯಿತು.

ಜನಸಂಖ್ಯೆ ಬರೆಯುವಾಗಲೂ ಹೀಗೇ. 2011ರ ಜನಗಣತಿ ಅಂಕಿಯನ್ನು ಇವತ್ತಿನದ್ದು ಅನ್ನೋ ಹಾಗೆ ಬರೆದರೆ ತಪ್ಪು, ಪಕ್ಕದಲ್ಲಿ ವರ್ಷ ಹಾಕಬೇಕು. "ಇಲ್ಲಿನ ಪ್ರಸಿದ್ಧ ಹೋಟೆಲ್" ಎಂದು ಬರೆದರೆ ಇನ್ನೊಬ್ಬರು ಬಂದು 'ಪ್ರಸಿದ್ಧ' ತೆಗೆಯುತ್ತಾರೆ. ಅದು ಮಾಹಿತಿಯೋ ಜಾಹೀರಾತೋ ಎಂಬ ಜಗಳ ಮಕ್ಕಳಿಗೆ ಒಳ್ಳೆಯದು. (ಅಂಗಡಿಯವರು ಬೇಸರಿಸಬೇಕಿಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಎಲ್ಲರೂ ಸೇರಿ ಬಿಡಿಸುವ ನಕ್ಷೆಯಲ್ಲಿ ಪೇಟೆಬೀದಿಯ ಪ್ರತಿ ಅಂಗಡಿಯನ್ನೂ ಮಕ್ಕಳೇ ಗುರುತಿಸಬಹುದು.)

ಮೇಷ್ಟ್ರಿಗೂ ಅನುಕೂಲವಿದೆ. ಗುಂಪು ಚಟುವಟಿಕೆಯಲ್ಲಿ ಒಬ್ಬ ದುಡಿದು ಮೂವರು ಹೆಸರು ಹಾಕುವುದು ಹಳೇ ರೋಗ. ವಿಕಿಪೀಡಿಯ ಪುಟದ 'ಇತಿಹಾಸ' ಒತ್ತಿದರೆ ಯಾವ ಖಾತೆಯಿಂದ ಯಾವ ದಿನ ಏನು ಸೇರಿತು, ಏನು ಹೋಯಿತು ಎಲ್ಲ ಕಾಣುತ್ತದೆ. 'ಚರ್ಚೆ' ಪುಟದಲ್ಲಿ ಕಾರಣಗಳಿರುತ್ತವೆ. ಅಂಕ ಕೊಡಬೇಕಾದದ್ದು ಇದನ್ನು ನೋಡಿ. ಪುಟ ಎಷ್ಟು ಉದ್ದವಾಯಿತು ಅಂತ ಅಳೆದರೆ ಮತ್ತೆ ಜೆರಾಕ್ಸ್ ಅಂಗಡಿಯ ಕಥೆಯೇ.

ಕಾಪಿ ಹೊಡೆದರೆ?

ಹೊಡೆಯುತ್ತಾರೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯ ಬರೆಸುವ ಕಾರ್ಯಕ್ರಮ ನಡೆಯಿತು. ಬೇರೆಡೆಯಿಂದ ಎತ್ತಿ ಹಾಕಿದ ಬರಹ ರಾಶಿ ಬಿದ್ದು, ಅದನ್ನು ತೆಗೆಯುವುದರಲ್ಲೇ ವಿಕಿಪೀಡಿಯದ ಸ್ವಯಂಸೇವಕರು ಸುಸ್ತಾದರು, ಕಾರ್ಯಕ್ರಮ ನಿಂತಿತು. ಸಾಧನ ಕೈಗೆ ಕೊಟ್ಟ ಮಾತ್ರಕ್ಕೆ ಆಲೋಚನೆ ಬರಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಂತರ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾ ವಿಭಾಗದ ವಿದ್ಯಾರ್ಥಿಗಳು ಕನ್ನಡ ಸೇರಿ ಭಾರತೀಯ ಭಾಷೆಗಳ ವಿಕಿ ಯೋಜನೆಗಳಿಗೆ ಬರೆದಿದ್ದಾರೆ.

ಈಗ ಚಾಟ್‌ಜಿಪಿಟಿಯಂಥವು ಬಂದು ಕಾಪಿ ಇನ್ನೂ ಸುಲಭ. ಆದರೆ ಊರಿನ ಕೆರೆ ಏರಿ ಯಾವ ವರ್ಷ ಒಡೆದಿತ್ತು ಅಂತ ಕೇಳಿದರೆ ಅದು ಬಾಯಿಗೆ ಬಂದದ್ದನ್ನೂ ಹೇಳಬಹುದು. ಅದು ಹೇಳಿದ್ದಕ್ಕೂ ಆಧಾರ ತಾ ಅಂದರೆ ಮತ್ತೆ ಹುಡುಕಾಟ ಶುರು.

ಶಾಲೆಗಳು ಆರಂಭಿಸುವುದಾದರೆ ಕೆಲವು ವಿಷಯ ಗಮನದಲ್ಲಿರಲಿ. ಒಂದೇ ಇಂಟರ್ನೆಟ್ ಸಂಪರ್ಕದಿಂದ ವಿಕಿಪೀಡಿಯದಲ್ಲಿ ದಿನಕ್ಕೆ ಆರು ಹೊಸ ಖಾತೆ ಮಾತ್ರ ತೆರೆಯಬಹುದು. ಇಡೀ ಕ್ಲಾಸನ್ನು ಕೂರಿಸಿದರೆ ಏಳನೆಯವನಿಗೆ ಬಾಗಿಲು ಮುಚ್ಚಿರುತ್ತದೆ, ಒಂದು ಗುಂಪಾದ ಮೇಲೆ ಇನ್ನೊಂದಕ್ಕೆ ಮಾಡಿಸಬೇಕು. ಮಕ್ಕಳ ನಿಜ ಹೆಸರು, ಫೋನ್ ನಂಬರ್ ಖಾತೆಯಲ್ಲಿ ಬೇಡ. ಮೊದಲ ಬರಹ 'ಪ್ರಯೋಗಪುಟ'ದಲ್ಲೇ ಇರಲಿ, ಮೇಷ್ಟ್ರು ನೋಡಿದ ಮೇಲೆ ಮುಖ್ಯ ಪುಟಕ್ಕೆ ಹೋಗಲಿ. ಗೂಗಲ್ ಡಾಕ್ಸ್ ಬಳಸುವುದಾದರೆ, ಮಕ್ಕಳು ಸ್ವಂತ ಗೂಗಲ್ ಖಾತೆ ತೆರೆಯಲು 13 ವರ್ಷ ತುಂಬಿರಬೇಕು.

ಊರಿನವರ ಹತ್ತಿರವೂ ಸರಕಿದೆ. ಸೊಸೈಟಿಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಸಾಹಿತ್ಯ ಸಮ್ಮೇಳನದ ಪುಸ್ತಕ, ಹಳೇ ಜಿಲ್ಲಾ ಗೆಜೆಟಿಯರ್ ಇಂಥವು ಎಷ್ಟೋ ಅಂಗಡಿಗಳ ಗಲ್ಲಾಪೆಟ್ಟಿಗೆ ಹಿಂದೆ, ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಅವು ಅಚ್ಚಾದ ದಾಖಲೆ, ಆಧಾರವಾಗಿ ಬಳಸಬಹುದು. ಇದ್ದವರು ಹತ್ತಿರದ ಹೈಸ್ಕೂಲಿಗೆ ಎರಡು ದಿನದ ಮಟ್ಟಿಗೆ ಕೊಟ್ಟರೆ ಸಾಕು. ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡಬಹುದು.