ಹಳೇ ಬಾಯ್ಲರ್ ರಿಪೇರಿಯೋ, ಹೊಸ ಗೀಸರ್ರೋ? ‘ಫ್ರೀ ಕರೆಂಟ್’ ಲೆಕ್ಕ ಬಿಡಿಸಿ ನೋಡಿ

ಮಳೆಗಾಲ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಬಚ್ಚಲಿನ ತಾಮ್ರದ ಬಾಯ್ಲರ್ ಈ ವರ್ಷ ತಡೆಯುತ್ತಾ? ಒಣ ಸೌದೆ ಸಾಕಾಗುತ್ತಾ? “ಅದನ್ನ ಗುಜರಿಗೆ ಹಾಕಿ ಗೀಸರ್ ತಗೊಳ್ಳಿ, ಹೇಗೂ ಕರೆಂಟ್ ಫ್ರೀ ಅಲ್ವಾ” ಅನ್ನುವ ಸಲಹೆ ನಮ್ಮ ಮನೆಗೂ ಬಂದಿದೆ. ನನ್ನ ತಕರಾರು ಆ ‘ಫ್ರೀ’ ಬಗ್ಗೆ.

ಮೊದಲು ಬಾಯ್ಲರ್ ನೋಡೋಣ. ಅದರ ರಚನೆ ಸರಳ: ಕೆಳಗೆ ಒಲೆ, ನಡುವೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ನೀರು. ನಲ್ಲಿ ಸೋರುತ್ತಿದ್ದರೆ, ಹೊರಗಿನ ಜೋಡಣೆ ಬಿಟ್ಟಿದ್ದರೆ ಬೆಸುಗೆ ಹಾಕಿಸಿದರೆ ಸಾಕು. ಸಮಸ್ಯೆ ಇರುವುದು ಒಳಗಿನ ಕೊಳವೆಯಲ್ಲಿ. ರಾತ್ರಿ ನೀರು ತುಂಬಿಸಿ, ಒಲೆ ಹಚ್ಚದೆ ಬಿಡಿ. ಬೆಳಿಗ್ಗೆ ಬೂದಿ ಒದ್ದೆಯಾಗಿದ್ದರೆ ಕೊಳವೆ ತೂತಾಗಿರುವ ಸಾಧ್ಯತೆಯಿದೆ. ಆದರೆ ಮಳೆ ನೀರು ಹೊಗೆಕೊಳವೆಯಿಂದಲೂ ಇಳಿಯುತ್ತದೆ, ಆದ್ದರಿಂದ ಮೇಲಿನ ಟೋಪಿ ಸರಿಯಿದೆಯಾ ನೋಡಿಕೊಳ್ಳಿ. ಒಂದು ತೂತಾದರೆ ಮುಚ್ಚಿಸಬಹುದು. ತಗಡೇ ತೆಳುವಾಗಿ ಹಲವು ಕಡೆ ಒಸರುತ್ತಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಹಳೇ ತಾಮ್ರಕ್ಕೆ ಗುಜರಿಯಲ್ಲೂ ಒಳ್ಳೆ ಬೆಲೆಯಿದೆ.

ಈಗ ಗೀಸರ್‌ ಲೆಕ್ಕ. ನಾಲ್ಕು ಜನರ ಮನೆಗೆ ದಿನಕ್ಕೆ 100 ಲೀಟರ್ ನೀರು ಬೇಕು ಅಂದುಕೊಳ್ಳಿ. ಅಷ್ಟು ನೀರಿನ ಬಿಸಿಯನ್ನು 25 ಡಿಗ್ರಿ ಏರಿಸಲು ಸುಮಾರು 3 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯ ಗೀಸರ್ ತಂದರೂ ಅದಕ್ಕಿಂತ ಕಡಿಮೆಯಾಗಲ್ಲ. ಅಂದರೆ ತಿಂಗಳಿಗೆ 90 ಯೂನಿಟ್.

2023ರಲ್ಲಿ ಶುರುವಾದ ಗೃಹಜ್ಯೋತಿಯನ್ನು ಎಲ್ಲರೂ ‘200 ಯೂನಿಟ್ ಫ್ರೀ’ ಅಂತ ಕರೆಯುತ್ತಾರೆ. ವಾಸ್ತವದಲ್ಲಿ ನಿಮ್ಮ ಮನೆಯ ಮಿತಿ ಬೇರೆಯೇ ಇದೆ. 2022-23ರಲ್ಲಿ ನೀವು ಬಳಸಿದ ಸರಾಸರಿ ಯೂನಿಟ್, ಅದರ ಮೇಲೆ ಶೇ 10. ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು 58 ಯೂನಿಟ್. ತೀರಾ ಕಡಿಮೆ ಬಳಸುವವರಿಗೆ 2024ರಲ್ಲಿ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಟ್ಟರು. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್.

ಉದಾಹರಣೆಗೆ, ಸೌದೆಯಲ್ಲಿ ನೀರು ಕಾಯಿಸುತ್ತಿದ್ದ ಮನೆಯ ಸರಾಸರಿ 70 ಯೂನಿಟ್ ಇತ್ತು ಅನ್ನಿ. ಮಿತಿ 77. ಗೀಸರ್ ಬಂದ ಮೇಲೆ ಬಳಕೆ 160. ಹೆಚ್ಚುವರಿ 83 ಯೂನಿಟ್‌ಗೆ, ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ, ತಿಂಗಳಿಗೆ 500 ರೂಪಾಯಿ ಹತ್ತಿರ. ಸರಾಸರಿ 120 ಇದ್ದ ಮನೆಯಾದರೆ 210ಕ್ಕೆ ಹೋಗಿ ಸೌಲಭ್ಯವೇ ಆ ತಿಂಗಳು ಕೈತಪ್ಪುತ್ತದೆ.

ಇಲ್ಲಿರುವ ಅನ್ಯಾಯ ಗಮನಿಸಿ. 2022-23ರಲ್ಲೇ ಗೀಸರ್ ಇದ್ದ ಮನೆಯ ಬಿಸಿನೀರು ಆ ಸರಾಸರಿಯಲ್ಲೇ ಸೇರಿಹೋಗಿದೆ. 200ರೊಳಗೆ ಇರುವಷ್ಟು ದಿನ ಅದಕ್ಕೆ ಸರ್ಕಾರವೇ ದುಡ್ಡು ಕಟ್ಟುತ್ತದೆ. ಅದೇ ವರ್ಷ ಸೌದೆ ಒಟ್ಟಿದವರು ಇವತ್ತು ಹೊಗೆಯಿಂದ ಹೊರಬರಬೇಕೆಂದರೆ ಸ್ವಂತ ಜೇಬಿನಿಂದ ಕೊಡಬೇಕು. ಬಡತನದ ಒಂದು ವರ್ಷದ ಮೀಟರ್ ರೀಡಿಂಗನ್ನೇ ಕಾಯಂ ಹಕ್ಕಿನ ಅಳತೆ ಮಾಡಿದ ಹಾಗಾಯ್ತು.

ಹಾಗಂತ ಸೌದೆಯೂ ಪುಕ್ಕಟೆಯಲ್ಲ. ತೋಟ ಇದ್ದವರಿಗೆ ಮರಗಸಿ ಮಾಡಿದಾಗ ಸಿಲ್ವರ್ ಓಕ್ ರೆಂಬೆ, ಹಳೇ ಕಾಫಿ ಗಿಡದ ಬುಡ ಸಿಗುತ್ತದೆ. ಆದರೆ ಅದನ್ನು ಹೊತ್ತು, ಒಣಗಿಸಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಊದುವವರು ಯಾರು? ನಮ್ಮಲ್ಲಿ ಅವ್ವ, ಲೈನ್ ಮನೆಗಳಲ್ಲಿ ತೋಟದ ಕೆಲಸ ಮುಗಿಸಿ ಬಂದ ಹೆಂಗಸರು. ಆ ದುಡಿಮೆ, ಆ ಹೊಗೆ ಯಾವ ಬಿಲ್‌ನಲ್ಲೂ ಕಾಣಲ್ಲ.

ಸೋಲಾರ್? ಬೇಸಿಗೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಡಿ ಇರುವ ಮಡಿಕೇರಿಗೆ ಒಂದೇ ಆಧಾರವಾಗಿ ಸಾಲದು. ಅದರೊಳಗಿನ ಕರೆಂಟ್ ಕಾಯಿಲ್ ಹಾಕಿದರೆ ಮತ್ತೆ ಅದೇ ಯೂನಿಟ್ ಲೆಕ್ಕ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಗೀಸರ್ರೂ ಗೋಡೆಗೆ ನೇತುಹಾಕಿದ ಡಬ್ಬ.

ಹಾಗಾಗಿ ನನ್ನ ಉತ್ತರ ಇದು. ಕೊಳವೆ ಗಟ್ಟಿ ಇದ್ದರೆ ಬಾಯ್ಲರ್ ರಿಪೇರಿ ಮಾಡಿಸಿ. ಹೊಗೆ ಸೂರಿನ ಮೇಲಕ್ಕೆ ಹೋಗುವಂತೆ ಮಾಡಿಸುವುದನ್ನು ಅದೇ ರಿಪೇರಿಯಲ್ಲಿ ಸೇರಿಸಿ. ನೀರು ತುಂಬದೆ ಒಲೆ ಹಚ್ಚಬೇಡಿ, ಹಬೆ ಹೋಗುವ ದಾರಿ ಮುಚ್ಚಬೇಡಿ. ದುಡ್ಡಿದ್ದರೆ ಬಿಸಿಲ ತಿಂಗಳಿಗೆ ಸೋಲಾರ್ ಸೇರಿಸಿ. ಕೊಳವೆಯೇ ಹೋಗಿದ್ದು, ಸೌದೆ ಹೊರುವವರಿಗೆ ಕೈಲಾಗದಿದ್ದರೆ ಗೀಸರ್ ತನ್ನಿ. ಆದರೆ ಬಿಲ್‌ನಲ್ಲಿ ನಿಮ್ಮ ಮಿತಿ ಎಷ್ಟು ಅಂತ ನೋಡಿಯೇ ತನ್ನಿ.

ಇಷ್ಟು ಆಯ್ಕೆ ಇರುವುದು ಮನೆ ಸ್ವಂತದ್ದಾದವರಿಗೆ. ತೋಟದವರು ಕೊಟ್ಟ ಲೈನ್ ಮನೆಯಲ್ಲಿ ಬಾಯ್ಲರ್ ಬದಲಿಸುವುದು ಬಿಡಿ, ವೈರಿಂಗ್ ಮುಟ್ಟುವುದಕ್ಕೂ ಮಾಲೀಕರನ್ನು ಕೇಳಬೇಕು. ಗೃಹಜ್ಯೋತಿಯನ್ನು ‘ಬಿಟ್ಟಿ’ ಅಂತ ಬೈಯುವವರ ಜೊತೆ ನಾನಿಲ್ಲ. ನನ್ನ ಬೇಡಿಕೆ ಅದಕ್ಕೆ ಉಲ್ಟಾ: ಸೌದೆ ಬಿಡಲು ಬಯಸುವ ಮನೆಗೆ ಹಳೇ ಸರಾಸರಿಯ ಮೇಲೆ ಬಿಸಿನೀರಿನ ಯೂನಿಟ್ ಸೇರಿಸಿ ಕೊಡಿ. ಆ ಮನೆಗಳಿಗೂ 200 ಅಂದರೆ 200 ಆಗಲಿ.